ಎಷ್ಟನೇ ಅಧ್ಯಾಯಕ್ಕೆ ನಿಲ್ಲಿಸಿದಿರಿ?

ನಾನು ಕೆಲಸ ಮಾಡುವುದು ಮುಂಬಯಿಯ ಮಾಟುಂಗಾದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಡಿಪಾಸಿಟ್ ಇಟ್ಟು, ತಿಂಗಳ ಚಂದಾ ಕಟ್ಟಿ, ವಾರಕ್ಕೊಮ್ಮೆ ಪುಸ್ತಕ ಬದಲಿಸಿಕೊಂಡು ಹೋಗುವ ವ್ಯವಸ್ಥೆ ನಮ್ಮದು. ಸದಸ್ಯರಲ್ಲಿ ತಮಿಳರು, ಗುಜರಾತಿಗಳು, ಮರಾಠಿಗರು ಎಲ್ಲರೂ ಇದ್ದಾರೆ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದ ಮನೆಗಳವರೂ ಸಾಕಷ್ಟಿದ್ದಾರೆ. ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ನೋಡಲು ಬಂದ ಹಿರಿಯರು, ಹೊರಡುವ ಮುನ್ನ ಮೊಮ್ಮಕ್ಕಳಿಗೆಂದು ನಮ್ಮಲ್ಲಿ ಇಂಗ್ಲಿಷ್ ಪುಸ್ತಕ ಪಡೆದು ಹೋಗುವುದು ಸಾಮಾನ್ಯ. ಆದ್ದರಿಂದ ಮಕ್ಕಳ ಪುಸ್ತಕಗಳ ಬಗ್ಗೆ ಮೆಚ್ಚುಗೆಯಾಗಲಿ ದೂರಾಗಲಿ ಮೊದಲು ಬಂದು ತಲುಪುವುದು ನಮ್ಮ ಕೌಂಟರಿಗೆ. ಹೀಗೆ ಬಂದ ಮಾತುಗಳಲ್ಲಿ ಒಂದಕ್ಕೊಂದು ತೀರ ವಿರುದ್ಧವಾಗಿದ್ದವು, ಮಾಂತ್ರಿಕರ ಶಾಲೆಯಲ್ಲಿ ಓದುವ ಹುಡುಗನ ಕಥೆಯಾದ ಹ್ಯಾರಿ ಪಾಟರ್ ಸರಣಿಯ ಐದನೆಯ ಸಂಪುಟವಾದ ‘ಆರ್ಡರ್ ಆಫ್ ದಿ ಫೀನಿಕ್ಸ್’ ಕುರಿತಾದವು. ಸರಣಿಯಲ್ಲಿಯೇ ಇದು ಶ್ರೇಷ್ಠ ಎಂದವರೂ, ಇನ್ನು ಮುಂದಿನದು ಬೇಡ ಎಂದವರೂ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಿಂದ ಬಂದಿದ್ದಾರೆ. ಅಂಥ ಮಾತುಗಳನ್ನು ಒಂದೇ ತಕ್ಕಡಿಗೆ ಹಾಕದೆ, ಬಿಡಿಸಿ ನೋಡುವುದನ್ನು ನನಗೆ ಕಲಿಸಿದ್ದು ಈ ಪುಸ್ತಕ.

ಮೊದಲು ಗಾತ್ರದ ವಿಚಾರ. 1997ರಲ್ಲಿ ಬಂದ ಮೊದಲ ಸಂಪುಟದ ಬ್ರಿಟಿಷ್ ಆವೃತ್ತಿ 223 ಪುಟಗಳದ್ದು. ಎರಡನೆಯದು 251, ಮೂರನೆಯದು 317. 2000ದ ಜುಲೈನಲ್ಲಿ ಬಂದ ನಾಲ್ಕನೆಯದು ಒಮ್ಮೆಲೇ 636ಕ್ಕೆ ಜಿಗಿಯಿತು. ಅನಂತರ ಓದುಗರನ್ನು ಹೆಚ್ಚುಕಡಿಮೆ ಮೂರು ವರ್ಷ ಕಾಯಿಸಿ, 2003ರ ಜೂನ್ 21ರಂದು ಬಂದ ಐದನೆಯ ಸಂಪುಟದಲ್ಲಿ 38 ಅಧ್ಯಾಯಗಳು, 766 ಪುಟಗಳು. ಏಳು ಸಂಪುಟಗಳಲ್ಲಿ ಇದೇ ದೊಡ್ಡದು. ಲಂಡನ್ನಿನಲ್ಲಿ ಮಧ್ಯರಾತ್ರಿ ಮಾರಾಟ ಆರಂಭವಾದಾಗ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆ. ಆ ದಿನಾಂಕವನ್ನು ಮುಂಬಯಿಯ ಮಕ್ಕಳ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವುದು ಜೂನ್ ಮಧ್ಯಭಾಗದಲ್ಲಿ. ಇಂಗ್ಲೆಂಡಿನ ಮಗುವಿಗೆ ಬೇಸಿಗೆ ರಜೆ ಕಣ್ಣೆದುರು ಇರುವಾಗ ಸಿಕ್ಕಿದ ಪುಸ್ತಕ, ಇಲ್ಲಿಯ ಮಗುವಿಗೆ ಹೊಸ ಪಠ್ಯಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುವ ಹೊತ್ತಿನಲ್ಲಿ, ಜಡಿಮಳೆಯ ನಡುವೆ, ಟ್ಯೂಷನ್ ಶುರುವಾದ ವಾರದಲ್ಲಿ ಸಿಕ್ಕಿತು.

ಅದರ ಮೇಲೆ ನಮ್ಮ ನಿಯಮ: ಒಂದು ಪುಸ್ತಕಕ್ಕೆ ಒಂದು ವಾರ, ತಡವಾದರೆ ದಿನಕ್ಕಿಷ್ಟು ದಂಡ. ದಿನಕ್ಕೆ ಒಂದು ಗಂಟೆ ಓದುವ ಏಳನೇ ತರಗತಿಯ ಮಗು 766 ಪುಟಗಳನ್ನು ಏಳು ದಿನಗಳಲ್ಲಿ ಮುಗಿಸಲಾರದು ಎಂಬುದನ್ನು ತಿಳಿಯಲು ದೊಡ್ಡ ಲೆಕ್ಕವೇನೂ ಬೇಕಾಗಿಲ್ಲ. ದಂಡ ಕಟ್ಟುವ ಅಪ್ಪ “ಎಷ್ಟು ಉದ್ದ ಬರೆದಿದ್ದಾರೆ ಮೇಡಂ, ಸ್ವಲ್ಪ ಕತ್ತರಿ ಆಡಿಸಬಾರದಿತ್ತಾ?” ಎಂದರೆ ಆ ಅಭಿಪ್ರಾಯದಲ್ಲಿ ಸಾಹಿತ್ಯ ಎಷ್ಟು, ದಂಡದ ಬಿಸಿ ಎಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಾಗೆಯೇ ಡೊಂಬಿವಲಿಯಿಂದ ದಿನವೂ ಲೋಕಲ್ ರೈಲಿನಲ್ಲಿ ಬರುತ್ತಿದ್ದ ಒಬ್ಬ ಸದಸ್ಯೆಯ ದೂರೂ ಇತ್ತು. ಒಂದು ಕೈ ಮೇಲಿನ ಹಿಡಿಕೆಯಲ್ಲಿದ್ದರೆ ಇನ್ನೊಂದರಲ್ಲಿ ಈ ಗಟ್ಟಿ ರಟ್ಟಿನ ಪುಸ್ತಕ ಹಿಡಿದು ನಿಲ್ಲಲಾಗದು, ಚೀಲದಲ್ಲಿಟ್ಟರೆ ಊಟದ ಡಬ್ಬಿಗೆ ಜಾಗವಿಲ್ಲ. ಆಕೆಗೆ ಪುಸ್ತಕ ‘ಎಳೆದಂತೆ’ ಅನಿಸಿದ್ದು ಕಥೆಯಿಂದಲೋ ತೋಳುನೋವಿನಿಂದಲೋ ಹೇಳುವುದು ಕಷ್ಟ. ಅದೇ ಕಾಲದಲ್ಲಿ ಸಿಗ್ನಲ್ಲುಗಳಲ್ಲಿ ಮಾರಾಟಕ್ಕೆ ಬರುತ್ತಿದ್ದ ನಕಲಿ ಪ್ರತಿಗಳದ್ದು ಮತ್ತೊಂದು ಕಥೆ. ಅದರಲ್ಲಿ ಕೆಲವು ಪುಟಗಳು ಎರಡೆರಡು ಸಲ ಇರುತ್ತಿದ್ದವು, ಕೆಲವು ಇರುತ್ತಲೇ ಇರಲಿಲ್ಲ. “ಮಧ್ಯದಲ್ಲಿ ಏನಾಗುತ್ತದೆಂದೇ ಅರ್ಥವಾಗುವುದಿಲ್ಲ” ಎಂದ ಒಬ್ಬ ಹುಡುಗ ಓದಿದ್ದು ಅಂಥದೊಂದನ್ನು.

ನಮ್ಮ ಒಂದು ಪ್ರತಿಯ ಬೆನ್ನು ಮುರಿದಾಗ ಈ ವಿಷಯ ಇನ್ನಷ್ಟು ಸ್ಪಷ್ಟವಾಯಿತು. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗಿ, ದಪ್ಪ ಪೇಪರ್‌ಬ್ಯಾಕ್‌ಗಳು ಸಾಮಾನ್ಯವಾಗಿ ನಡುವಿನಲ್ಲಿ ಬಾಯಿಬಿಡುತ್ತವೆ. ಅದನ್ನು ಬೈಂಡರ್ ಬಳಿಗೆ ಕಳಿಸುವಾಗ ಎರಡು ಭಾಗ ಮಾಡಿಸಿದೆವು: ಹತ್ತೊಂಬತ್ತು ಅಧ್ಯಾಯ ಒಂದರಲ್ಲಿ, ಹತ್ತೊಂಬತ್ತು ಇನ್ನೊಂದರಲ್ಲಿ, ಎರಡಕ್ಕೂ ಕ್ಯಾಲಿಕೋ ಬಟ್ಟೆಯ ಬೆನ್ನು, ಒಳಗೆ ಬೇರೆ ಬೇರೆ ಚೀಟಿ. ಅಳತೆ ನೋಡಿ ಕತ್ತರಿಸಿದ್ದೇ ಹೊರತು ಕಥೆ ನೋಡಿ ಅಲ್ಲ. ಆದರೆ ಹ್ಯಾರಿಯ ದೈತ್ಯಗಾತ್ರದ ಗೆಳೆಯ ಹ್ಯಾಗ್ರಿಡ್ ಮರಳಿ ಬಂದ ಸುದ್ದಿಯೊಂದಿಗೆ ಹತ್ತೊಂಬತ್ತನೆಯ ಅಧ್ಯಾಯ ಮುಗಿಯುತ್ತದೆ, ಅವನು ತನ್ನ ಪ್ರಯಾಣದ ಕಥೆ ಹೇಳುವುದರೊಂದಿಗೆ ಇಪ್ಪತ್ತನೆಯದು ತೆರೆದುಕೊಳ್ಳುತ್ತದೆ. ಮೊದಲ ಭಾಗ ತೆಗೆದುಕೊಂಡು ಹೋದ ಮಕ್ಕಳು ಎರಡನೆಯದನ್ನು ಕೇಳಿಕೊಂಡು ವಾರದೊಳಗೇ ಬರತೊಡಗಿದರು. ಇಡೀ ಪ್ರತಿ ಒಯ್ದವರಲ್ಲಿ ಅರ್ಧಕ್ಕೆ ಬಿಟ್ಟು ತಂದುಕೊಡುವವರು ಇದ್ದರು. ಈ ಎರಡು ಭಾಗದ ಪ್ರತಿ ಒಯ್ದವರಲ್ಲಿ ಅಂಥವರು ಕಡಿಮೆ. ಪುಸ್ತಕ ಅದೇ, ಒಂದು ವಾಕ್ಯವೂ ಕಡಿಮೆಯಾಗಿಲ್ಲ, ಆದರೆ ‘ಉದ್ದ ಜಾಸ್ತಿ’ ಎಂಬ ದೂರು ಮಾತ್ರ ಗಣನೀಯವಾಗಿ ತಗ್ಗಿತು. ಆ ಬಳಿಕ ಮಾಲೀಕರು ಐನೂರು ಪುಟ ದಾಟಿದ ಮಕ್ಕಳ ಪುಸ್ತಕಕ್ಕೆ ಮೂರು ವಾರದ ಅವಧಿ ಕೊಡಲು ಒಪ್ಪಿದರು.

ಹಾಗೆಂದು ದೂರೆಲ್ಲವೂ ಹೊರಗಿನ ಕಾರಣದ್ದೇ ಎಂದರೆ ಓದುಗರಿಗೆ ಅನ್ಯಾಯ ಮಾಡಿದಂತೆ. ಪುಸ್ತಕ ಹಿಂದಿರುಗಿಸುವವರನ್ನು ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಅಥವಾ ‘ಬೋರು’ ಎಂಬ ಒಂದೇ ಮಾತು ಸಿಗುತ್ತದೆ. ‘ಎಷ್ಟನೇ ಅಧ್ಯಾಯಕ್ಕೆ ನಿಲ್ಲಿಸಿದೆ’ ಎಂದು ಕೇಳಿದಾಗ ಪುಸ್ತಕದ ನಕ್ಷೆಯೇ ಬಿಡಿಸಿಕೊಳ್ಳುತ್ತದೆ. ಈ ಸಂಪುಟವನ್ನು ಬಿಟ್ಟವರಲ್ಲಿ ಹೆಚ್ಚಿನವರು ನಿಂತದ್ದು ಐದನೆಯ ಮತ್ತು ಹತ್ತನೆಯ ಅಧ್ಯಾಯಗಳ ನಡುವೆ. ಕಾರಣ ಸುಲಭವಾಗಿ ಕಾಣುತ್ತದೆ: ಹದಿನೇಳು ಅಧ್ಯಾಯಗಳ ಮೊದಲ ಸಂಪುಟದಲ್ಲಿ ಏಳನೆಯ ಅಧ್ಯಾಯಕ್ಕೇ ಹ್ಯಾರಿ ಹಾಗ್ವರ್ಟ್ಸ್ ಶಾಲೆಯ ಊಟದ ಮೇಜಿನ ಮುಂದೆ ಕೂತಿರುತ್ತಾನೆ, ಐದನೆಯದರಲ್ಲಿ ಅವನು ಅಲ್ಲಿಗೆ ತಲುಪುವುದು ಹನ್ನೊಂದನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಗ್ರಿಮ್ಮೋಲ್ಡ್ ಪ್ಲೇಸಿನ ಧೂಳು ಹಿಡಿದ ಮನೆ, ಅದನ್ನು ತೊಳೆದು ಒರೆಸುವ ಕೆಲಸ, ದೊಡ್ಡವರು ಬಾಗಿಲು ಹಾಕಿಕೊಂಡು ನಡೆಸುವ ಸಭೆಗಳು, ಮಾಂತ್ರಿಕರ ಸಚಿವಾಲಯದ ವಿಚಾರಣೆ. ಮಕ್ಕಳಿಗೆ ಬೇಕಾದದ್ದು ಆ ಶಾಲೆ. ನನ್ನ ಅಭಿಪ್ರಾಯದಲ್ಲಿಯೂ ಈ ಭಾಗವನ್ನು ಬಿಗಿ ಮಾಡಬಹುದಿತ್ತು. ಲೇಖಕಿ ರೌಲಿಂಗ್ ಅವರೇ ಮುಂದೆ, 2005ರ ಒಂದು ಸಂದರ್ಶನದಲ್ಲಿ, ಈ ಪುಸ್ತಕ ಇನ್ನಷ್ಟು ಚಿಕ್ಕದಾಗಬಹುದಿತ್ತು, ಕೊನೆಯ ಹೊತ್ತಿಗೆ ಸಮಯವೂ ಶಕ್ತಿಯೂ ಉಳಿದಿರಲಿಲ್ಲ ಎಂಬ ಅರ್ಥದ ಮಾತನ್ನು ಹೇಳಿದ್ದರು. ಆದ್ದರಿಂದ ಆರನೆಯ ಅಧ್ಯಾಯಕ್ಕೆ ಬೇಸತ್ತ ಮಗುವಿಗೆ ‘ನಿನಗೆ ತಾಳ್ಮೆಯಿಲ್ಲ’ ಎಂದು ನಾನು ಹೇಳುವುದಿಲ್ಲ. ಹನ್ನೊಂದಕ್ಕೆ ಶಾಲೆ ಬರುತ್ತದೆ ಎಂದು ಮಾತ್ರ ಹೇಳುತ್ತೇನೆ.

ಎರಡನೆಯ ದೂರು, ಕಥೆಯಲ್ಲಿ ಮಕ್ಕಳನ್ನು ಹೆದರಿಸುವಷ್ಟು ಕತ್ತಲಿದೆ ಎಂಬುದು, ಇದಕ್ಕಿಂತ ಸೂಕ್ಷ್ಮವಾದದ್ದು. ಒಬ್ಬ ಅಜ್ಜಿ ಬಂದು ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟು, “ಹುಡುಗ ರಾತ್ರಿ ದೀಪ ಆರಿಸ್ಲಿಕ್ಕೆ ಬಿಡುದಿಲ್ಲ ಮಾರಾಯ್ತಿ, ಎಂಥ ಪುಸ್ತಕ ಕೊಟ್ಟದ್ದು ನೀನು?” ಎಂದರು. ಹುಡುಗ ಪಕ್ಕದಲ್ಲಿಯೇ ನಿಂತಿದ್ದ. ಸಾವು ಓದಿ ಹೆದರಿದ್ದಾನೆಂದು ಯಾರೂ ಊಹಿಸಬಹುದು. ಹ್ಯಾರಿಗೆ ತಂದೆಯಂತಿದ್ದ ಸಿರಿಯಸ್ ಬ್ಲ್ಯಾಕ್ ಸಾಯುವುದು ಈ ಸಂಪುಟದಲ್ಲಿಯೇ. ಆದರೆ ಆ ಘಟನೆ ಇರುವುದು ಮೂವತ್ತೈದನೆಯ ಅಧ್ಯಾಯದಲ್ಲಿ, ಹುಡುಗ ನಿಂತದ್ದು ಹದಿಮೂರನೆಯದರಲ್ಲಿ. ಅಲ್ಲಿ ಡಾಲರೆಸ್ ಅಂಬ್ರಿಜ್ ಎಂಬ ಹೊಸ ಅಧ್ಯಾಪಕಿ, ಸಿಹಿ ದನಿಯಲ್ಲಿ ಮಾತಾಡುತ್ತ, ಹ್ಯಾರಿಗೆ ಬರವಣಿಗೆಯ ಶಿಕ್ಷೆ ಕೊಡುತ್ತಾಳೆ. ಶಾಯಿಯಿಲ್ಲದ ಲೇಖನಿಯಿಂದ ಅವನು ‘ನಾನು ಸುಳ್ಳು ಹೇಳಬಾರದು’ ಎಂದು ಬರೆದಂತೆಲ್ಲ ಅಕ್ಷರಗಳು ಅವನ ರಕ್ತದಲ್ಲಿ ಕಾಗದದ ಮೇಲೆ ಮೂಡುತ್ತವೆ, ಅವೇ ಗೆರೆಗಳು ಕೈಯ ಹಿಂಬದಿಯಲ್ಲಿ ಕೊರೆದುಕೊಳ್ಳುತ್ತವೆ. ದುಷ್ಟ ಮಾಂತ್ರಿಕ ವೋಲ್ಡಮಾರ್ಟ್ ಮರಳಿ ಬಂದಿದ್ದಾನೆಂದು ಅವನು ಹೇಳಿದ್ದು ಸುಳ್ಳಲ್ಲವೆಂಬುದು ಓದುವ ಮಗುವಿಗೆ ಗೊತ್ತು. “ಅವನು ಯಾಕೆ ಯಾರಿಗೂ ಹೇಳುವುದಿಲ್ಲ ಆಂಟಿ?” ಎಂದು ಕೇಳಿದ ಆ ಹುಡುಗನಿಗೆ ಕಂಡ ಕತ್ತಲು ಅದು.

ಹುಡುಗನ ಈ ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ನಾಲ್ಕನೆಯ ಸಂಪುಟದ ಕೊನೆಯಲ್ಲಿ ಸ್ಮಶಾನವಿದೆ, ಶಾಲೆಯ ಹುಡುಗ ಸೆಡ್ರಿಕ್‌ನ ಸಾವಿದೆ, ವೋಲ್ಡಮಾರ್ಟ್ ದೇಹ ಪಡೆದು ಎದ್ದು ಬರುವ ದೃಶ್ಯವಿದೆ. ಆದರೂ ಅದನ್ನು ‘ಕತ್ತಲು’ ಎಂದು ಹಿಂದಿರುಗಿಸಿದವರು ವಿರಳ. ಅಲ್ಲಿ ಕೆಟ್ಟವನು ಕೆಟ್ಟವನ ವೇಷದಲ್ಲಿಯೇ ಬರುತ್ತಾನೆ, ಹೋರಾಟ ಎದುರುಬದುರು. ಐದನೆಯದರಲ್ಲಿ ಸರ್ಕಾರ ಸತ್ಯವನ್ನು ಒಪ್ಪುವುದಿಲ್ಲ, ಪತ್ರಿಕೆ ಹುಡುಗನನ್ನು ಸುಳ್ಳುಗಾರನೆಂದು ಹಾಸ್ಯ ಮಾಡುತ್ತದೆ, ಶಾಲೆಯ ಗೋಡೆಗೆ ಒಂದೊಂದಾಗಿ ಸುತ್ತೋಲೆಗಳು ಏರುತ್ತವೆ, ನಂಬಿದ ಹಿರಿಯ, ಶಾಲೆಯ ಮುಖ್ಯಸ್ಥ ಡಂಬಲ್ಡೋರ್ ಅವನ ಮುಖವನ್ನೂ ನೋಡುವುದಿಲ್ಲ. ಹಾವಿನ ಕಣ್ಣಿನ ಮಾಂತ್ರಿಕನನ್ನು ಯಾವ ಮಗುವೂ ನಿಜವಾಗಿ ಕಂಡಿಲ್ಲ, ತರಗತಿಯಲ್ಲಿ ನಗುನಗುತ್ತ ಅವಮಾನಿಸುವ ಹಿರಿಯರನ್ನು ಹಲವು ಮಕ್ಕಳು ಕಂಡಿದ್ದಾರೆ. ಪುಸ್ತಕ ಬಂದ ವರ್ಷವೇ ಅದನ್ನು ವಿಮರ್ಶಿಸಿದ ಸ್ಟೀಫನ್ ಕಿಂಗ್, ಭಯದ ಕಥೆಗಳನ್ನೇ ಬರೆದು ಬದುಕಿದವರು, ಅಂಬ್ರಿಜ್ ಪಾತ್ರವನ್ನು ವಿಶೇಷವಾಗಿ ಕೊಂಡಾಡಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಅದೇ ಕತ್ತಲು ಬೇರೆ ವಯಸ್ಸಿನವರಿಗೆ ಆಕರ್ಷಣೆಯಾದದ್ದನ್ನೂ ಹೇಳಬೇಕು. ಹತ್ತನೇ ತರಗತಿಯ ಮಕ್ಕಳಷ್ಟು ಈ ಸಂಪುಟವನ್ನು ಎತ್ತಿಹಿಡಿದವರು ನಮ್ಮಲ್ಲಿ ಇನ್ನಾರೂ ಇಲ್ಲ. ಹ್ಯಾರಿಗೆ ಇಲ್ಲಿ ಹದಿನೈದು. ಆ ವರ್ಷ ಅವನಿಗೆ ಓಡಬ್ಲ್ಯೂಎಲ್ ಎಂಬ ದೊಡ್ಡ ಪರೀಕ್ಷೆ, ಅದರ ಅಂಕಗಳ ಮೇಲೆ ಮುಂದಿನ ವಿಷಯಗಳು ನಿಂತಿವೆ, ಮುಂದೇನಾಗುತ್ತೀಯೆಂದು ಕೇಳುವ ಸಲಹಾ ಸಭೆಯೂ ಉಂಟು. ಎಸ್ಸೆಸ್ಸಿ ಬೋರ್ಡ್ ಪರೀಕ್ಷೆಯ ಹೆಸರಿನಲ್ಲಿ ಇಡೀ ಮನೆ ಪಿಸುಮಾತಿನಲ್ಲಿ ನಡೆಯುವ ಈ ಊರಿನಲ್ಲಿ, ಅದನ್ನು ಓದುವ ಹುಡುಗಿಗೆ ವಿವರಣೆ ಬೇಕಾಗುವುದಿಲ್ಲ. ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ವೀಸ್ಲಿ ಅವಳಿಗಳು ಶಾಲೆಯ ಓಣಿಯನ್ನು ಜೌಗುಮಾಡಿ, ಪರೀಕ್ಷೆಗೆ ಬೆನ್ನು ತಿರುಗಿಸಿ ಪೊರಕೆಯ ಮೇಲೆ ಹಾರಿಹೋಗುವ ಪುಟಗಳು ನಮ್ಮ ಪ್ರತಿಯಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಮಸುಕಾಗಿವೆ. ಬೋರ್ಡ್ ಪರೀಕ್ಷೆಯ ವರ್ಷ ಮಗಳಿಗೆ ಕಥೆಪುಸ್ತಕ ಕೊಡಬೇಡಿ ಎಂದು ಬಂದ ತಾಯಂದಿರಿಗೆ ಇದನ್ನು ತೋರಿಸುವ ಧೈರ್ಯ ನನಗಿಲ್ಲ.

ಹ್ಯಾರಿಯ ಕೋಪದ ವಿಷಯದಲ್ಲಿಯೂ ಹೀಗೆಯೇ. ಅವನು ಈ ಸಂಪುಟದಲ್ಲಿ ಗೆಳೆಯರ ಮೇಲೆ ಕಿರುಚುತ್ತಾನೆ. ಆ ಮಾತುಗಳು ದೊಡ್ಡಕ್ಷರಗಳಲ್ಲಿಯೇ ಅಚ್ಚಾಗಿವೆ. “ಆಂಟಿ, ಇವನು ಒಳ್ಳೆಯವನಾಗಿದ್ದ, ಈಗ ಏನಾಗಿದೆ?” ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು. ಅವಳು ಮೊದಲ ನಾಲ್ಕನ್ನು ಒಂದೇ ರಜೆಯಲ್ಲಿ ಮುಗಿಸಿದ್ದಳು. ಪುಸ್ತಕಗಳು ಬಂದಂತೆ ಓದಿದವರಿಗೆ ನಾಲ್ಕರಿಂದ ಐದಕ್ಕೆ ಮೂರು ವರ್ಷ ಸಿಕ್ಕಿತ್ತು. ಹತ್ತರ ಹುಡುಗ ಹದಿಮೂರಾಗಿ, ತಾನೂ ಮನೆಯಲ್ಲಿ ಬಾಗಿಲು ಬಡಿಯುವವನಾಗಿ ಅಲ್ಲಿಗೆ ತಲುಪಿದ್ದ. ಈಗ ಏಳೂ ಒಂದೇ ಕಪಾಟಿನಲ್ಲಿ ಸಾಲಾಗಿ ನಿಂತಿರುವುದರಿಂದ ಆ ಅಂತರ ಇಲ್ಲವಾಗಿದೆ. ಇನ್ನು 2007ರಲ್ಲಿ ಬಂದ ಸಿನಿಮಾ ಈ ಅತಿ ದೊಡ್ಡ ಪುಸ್ತಕವನ್ನು 138 ನಿಮಿಷಗಳಲ್ಲಿ ಮುಗಿಸಿತು. ಅದನ್ನು ನೋಡಿ ಬಂದವರಿಗೆ ಪುಸ್ತಕದಲ್ಲಿ ‘ಏನೂ ನಡೆಯುತ್ತಿಲ್ಲ’ ಎನಿಸಿದರೆ ಅದು ಸಹಜ.

ಹೊಸದಾಗಿ ಕೆಲಸಕ್ಕೆ ಸೇರಿದವರು ಕೌಂಟರಿಗೆ ಬಂದು ನಿಂತಾಗ ನಾನು ಈಗ ಹೇಳಿಕೊಡುವುದು ಇಷ್ಟು. ಒಂಬತ್ತು, ಹತ್ತು ವರ್ಷದ ಮಗು ಐದನೆಯದನ್ನು ಕೇಳಿದರೆ ಇಲ್ಲವೆನ್ನಬೇಡಿ, ನಾಲ್ಕನೆಯದರ ಸ್ಮಶಾನದ ಭಾಗ ಓದಿದ ರಾತ್ರಿ ಹೇಗಿತ್ತೆಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, ಶಾಲೆಯಲ್ಲಿ ಕಷ್ಟ ಕೊಡುವ ಟೀಚರ್ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಹೌದೆಂದರೆ ಹದಿಮೂರನೆಯ ಅಧ್ಯಾಯವನ್ನು ಮನೆಯ ಹಿರಿಯರೊಬ್ಬರು ಜೊತೆಗೆ ಕೂತು ಓದಲಿ ಎಂದು ಹೇಳಿ. ದೂರು ತಂದ ತಂದೆತಾಯಿಗೆ ಪುಸ್ತಕವನ್ನು ಸಮರ್ಥಿಸುವ ಅಗತ್ಯವಿಲ್ಲ. ಮಗು ಯಾವ ಪುಟದಲ್ಲಿತ್ತೆಂದು ತಿಳಿದುಕೊಂಡು ರಿಜಿಸ್ಟರಿನಲ್ಲಿ ಬರೆದಿಡಿ, ಮುಂದೆ ಅದೇ ಪುಸ್ತಕ ಕೊಡುವಾಗ ಅದು ಬೇಕಾಗುತ್ತದೆ. ಆರನೆಯ ಮತ್ತು ಏಳನೆಯ ಸಂಪುಟಗಳು ತಲಾ 607 ಪುಟದವು, ಸಾವುನೋವು ಐದನೆಯದಕ್ಕಿಂತ ಅವುಗಳಲ್ಲಿಯೇ ಹೆಚ್ಚು; ಆದರೂ ಅವುಗಳಿಗೆ ‘ಉದ್ದ’, ‘ಕತ್ತಲು’ ಎಂಬ ಮಾತು ಅಷ್ಟಾಗಿ ಬಂದಿಲ್ಲ. ಏಳನೆಯದರಲ್ಲಿ ಹ್ಯಾರಿ ಮತ್ತು ಅವನ ಇಬ್ಬರು ಗೆಳೆಯರು ಡೇರೆ ಹಾಕಿಕೊಂಡು ಕಾಡಿನಲ್ಲಿ ಅಲೆಯುವ ಅಧ್ಯಾಯಗಳ ಬಳಿ ಮಾತ್ರ ಪುಟದ ಗುರುತಿಗೆ ಇಟ್ಟ ಚೀಟಿಗಳು ನಿಂತು ಹೋಗಿರುವುದನ್ನು ನೋಡುತ್ತಿದ್ದೇನೆ, ಅಲ್ಲಿಯೂ ಶಾಲೆಯಿಲ್ಲ.