ಕೊಚ್ಚಿಗೆ ಹೋಗೋರು ಮೊದಲು ಯಾವ ವಾರ ಅಂತ ನೋಡ್ಕೊಳ್ಳಿ

ಜನವರಿಲಿ ಅಮ್ಮನ್ನ ಕರ್ಕೊಂಡು ಬೆಂಗಳೂರಿಂದ ಕೊಚ್ಚಿಗೆ ಹೋಗಿದ್ವಿ. ಗುರುವಾರ ರಾತ್ರಿ ಹೊರಟು ಶುಕ್ರವಾರ ಶನಿವಾರ ನೋಡ್ಕೊಂಡು ಬರೋಣ ಅಂತ ಟಿಕೆಟ್ ಮಾಡಿಸಿದ್ದೆ, ತಪ್ಪಾಗಿದ್ದು ಅಲ್ಲೇ. ಕೊಚ್ಚಿಯ ಹಳೇ ಭಾಗ ಮಟ್ಟಾಂಚೇರಿಲಿರೋ ಅರಮನೆಗೆ ಶುಕ್ರವಾರ ರಜೆ, ಅಲ್ಲೇ ಇರೋ ಯಹೂದಿಗಳ ಪ್ರಾರ್ಥನಾ ಮಂದಿರ, ಅಂದ್ರೆ ಸಿನಗಾಗ್, ಶುಕ್ರವಾರ ಶನಿವಾರ ಎರಡು ದಿನಾನೂ ನೋಡೋಕೆ ಬಿಡಲ್ಲ. ಕೊನೆಗೆ ವಾಪಸ್ ಟಿಕೆಟ್ ಭಾನುವಾರ ರಾತ್ರಿಗೆ ಬದಲಾಯಿಸಿದ್ದಕ್ಕೆ ಎರಡೂ ನೋಡೋಕಾಯ್ತು. ಅದಕ್ಕೇ ಹೇಳೋದು, ಭಾನುವಾರದಿಂದ ಗುರುವಾರದ ಒಳಗೆ ಒಂದು ಇಡೀ ದಿನ ಮಟ್ಟಾಂಚೇರಿಗೇ ಅಂತ ಇಟ್ಕೊಳ್ಳಿ.

ಕೊಚ್ಚಿಗೆ ರೈಲಲ್ಲಿ ಹೋದ್ರೆ ಇಳಿಯೋದು ಎರ್ನಾಕುಲಂನಲ್ಲಿ, ಅಲ್ಲಿ ಎರಡು ಸ್ಟೇಷನ್ ಇದೆ, ಜಂಕ್ಷನ್ ಅಂದ್ರೆ ಸೌತ್, ಟೌನ್ ಅಂದ್ರೆ ನಾರ್ತ್, ಟಿಕೆಟ್‌ನಲ್ಲಿ ಯಾವುದಿದೆ ನೋಡಿ ಇಳೀರಿ. ರೂಮ್ ನೀರಿನ ಆಚೆ ದಡದ ಹಳೇ ಊರು ಫೋರ್ಟ್ ಕೊಚ್ಚಿಲೇ ಮಾಡಿ. ಸ್ಟೇಷನ್ನಿಂದ ನೇರ ಟ್ಯಾಕ್ಸಿ ಮಾಡೋ ಬದಲು ಬೋಟ್ ಜೆಟ್ಟಿ ತನಕ ಆಟೋಲಿ ಹೋಗಿ ಸರ್ಕಾರಿ ಬೋಟ್ ಹತ್ತಿ, ಕೆಲವೇ ರೂಪಾಯಿ ಟಿಕೆಟ್ಟು. ಏಸಿ ಬೇಕು ಅಂದ್ರೆ ಹೈಕೋರ್ಟ್ ಟರ್ಮಿನಲ್ಲಿಂದ ವಾಟರ್ ಮೆಟ್ರೋ ಬೋಟ್ ಇದೆ. ಈ ಊರನ್ನ ನೀರಿನ ಮೇಲಿಂದಲೇ ಮೊದಲು ನೋಡ್ಬೇಕು, ಹಡಗು, ಕ್ರೇನು, ದೋಣಿ ಎಲ್ಲ ಒಟ್ಟಿಗೆ ಕಾಣುತ್ತೆ. ದಾರಿಲಿ ಸಿಗೋ ವಿಲ್ಲಿಂಗ್ಡನ್ ದ್ವೀಪದ ಬಹುಪಾಲು ಬಂದರನ್ನ ಆಳ ಮಾಡುವಾಗ ತೆಗೆದ ಮಣ್ಣಿಂದಲೇ ಆಗಿದ್ದಂತೆ, ಅಮ್ಮ ನಂಬಲೇ ಇಲ್ಲ.

ಫೋರ್ಟ್ ಕೊಚ್ಚಿ ದಡದಲ್ಲಿರೋ ಚೀನೀ ಮೀನಿನ ಬಲೆಗಳನ್ನ ಬೆಳಿಗ್ಗೆ ಬೇಗ ನೋಡಿ, ಅರ್ಧ ಗಂಟೆ ಸಾಕು. ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚು, 1524ರಲ್ಲಿ ಕೊಚ್ಚಿಲೇ ತೀರಿಕೊಂಡ ವಾಸ್ಕೋ ಡ ಗಾಮಾನ್ನ ಹೂಳಿದ್ದು ಇಲ್ಲೇ, 1539ರಲ್ಲಿ ಅವಶೇಷ ಪೋರ್ಚುಗಲ್‌ಗೆ ತಗೊಂಡು ಹೋದ್ರು, ಸಮಾಧಿ ಕಲ್ಲು ಮಾತ್ರ ಉಳಿದಿದೆ.

ಜಾಸ್ತಿ ಜನ ಇಷ್ಟು ನೋಡಿ ಆಲೆಪ್ಪಿಗೆ ಓಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಊರಿನ ಜೀವ ಇರೋದು ಮಟ್ಟಾಂಚೇರಿಲಿ. ಅರಮನೆ ಕಟ್ಟಿಸಿ ರಾಜನಿಗೆ ಕೊಟ್ಟಿದ್ದು ಪೋರ್ಚುಗೀಸರು, ಆಮೇಲೆ ರಿಪೇರಿ ಮಾಡಿಸಿದ್ದು ಡಚ್ಚರು, ಹೆಸರು ಮಾತ್ರ ಡಚ್ ಪ್ಯಾಲೇಸ್ ಅಂತ ಉಳ್ಕೊಂಡಿದೆ. ಹೊರಗಿಂದ ಸಾದಾ ಕಟ್ಟಡ, ಒಳಗೆ ಗೋಡೆ ತುಂಬಾ ರಾಮಾಯಣದ ಚಿತ್ರ, ಅವಸರ ಮಾಡದೆ ನೋಡಿ. ಪಕ್ಕದ ಸಿನಗಾಗ್ 1568ರದ್ದು, ಮಧ್ಯಾಹ್ನ ಒಂದರಿಂದ ಮೂರು ಮುಚ್ಚಿರುತ್ತೆ, ಚಪ್ಪಲಿ ಹೊರಗೆ ಬಿಡ್ಬೇಕು. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಬಿಳಿ ಟೈಲ್ಸು, ಎಲ್ಲಾ ಕೈಯಲ್ಲಿ ಬರೆದಿದ್ದು, ಒಂದರ ಥರ ಇನ್ನೊಂದಿಲ್ಲ ಅಂತಾರೆ, ಅಮ್ಮ ಎಷ್ಟೋ ಹೊತ್ತು ಜೋಡಿ ಹುಡುಕ್ತಾ ಬಗ್ಗಿ ಬಗ್ಗಿ ನೋಡಿದ್ರು.

ಅಲ್ಲಿಂದ ಬಜಾರ್ ರೋಡಲ್ಲಿ ನಡೀರಿ. ಹಳೇ ಗೋಡೌನ್‌ಗಳು, ಶುಂಠಿ ಮೆಣಸಿನ ವಾಸನೆ. ಕಾಳುಮೆಣಸು ಏಲಕ್ಕಿ ತಗೊಳ್ಳೋದಾದ್ರೆ ಸಿನಗಾಗ್ ಬೀದಿಲಿ ರೇಟ್ ಕೇಳಿ ಸುಮ್ನೆ ಬನ್ನಿ, ಇಲ್ಲಿ ತಗೊಳ್ಳಿ, ನಮಗೆ ಕಡಿಮೆಗೇ ಸಿಕ್ತು.

ಮಟ್ಟಾಂಚೇರಿಯ ಚೆರ್ಲಾಯಿಲಿ ತಿರುಮಲ ದೇವಸ್ವಂ ವೆಂಕಟರಮಣ ದೇವಸ್ಥಾನ ಇದೆ, ಗೋವಾದಲ್ಲಿ ಪೋರ್ಚುಗೀಸರ ಕಾಟ ತಡೀಲಾರದೆ ಬಂದ ಕೊಂಕಣಿಯವರದ್ದು. ಅಮ್ಮ ಕುಮಟಾದವರು, ಹೊರಗೆ ಹೂವು ಮಾರೋ ಅಜ್ಜಿ ಹತ್ರ ಕೊಂಕಣಿಲೇ ಮಾತಾಡಿದ್ರು, ಅಜ್ಜಿದು ಮಲಯಾಳ ಬೆರೆತ ಕೊಂಕಣಿ, ಆದ್ರೂ ಇಬ್ಬರಿಗೂ ಅರ್ಥ ಆಯ್ತು, ಅಜ್ಜಿ ಹೂವಿನ ದುಡ್ಡೇ ತಗೊಳ್ಲಿಲ್ಲ. ಅಮ್ಮ ಈಗ್ಲೂ ಕೊಚ್ಚಿ ಅಂದ್ರೆ ಅದನ್ನೇ ಹೇಳೋದು. ಗಂಡಸರು ಒಳಗೆ ಹೋಗೋಕೆ ಶರ್ಟ್ ತೆಗೀಬೇಕು, ಒಂದು ಪಂಚೆ ಬ್ಯಾಗಲ್ಲಿ ಇರಲಿ.

ಸೆಖೆ ಜನವರಿಲೂ ಜಾಸ್ತಿನೇ, ವಯಸ್ಸಾದವರಿದ್ರೆ ಮಧ್ಯಾಹ್ನ ರೂಮಿಗೆ ಬಂದು ಮಲ್ಕೊಂಡು ನಾಲ್ಕು ಗಂಟೆ ಮೇಲೆ ಹೊರಡಿ. ಮತ್ತೆ ಕೊನೇ ಬೋಟ್ ಎಷ್ಟೊತ್ತಿಗೆ ಅಂತ ಬೆಳಿಗ್ಗೆ ಜೆಟ್ಟಿಲಿ ಇಳಿಯುವಾಗ್ಲೇ ಕೇಳಿಟ್ಕೊಳ್ಳಿ.