ಅಮ್ಮನ ಎಲ್‌ಎಲ್‌ಆರ್ ಪರೀಕ್ಷೆಗೆ ಏನೇನು ದಾಖಲೆ ಬೇಕಾಯಿತು

ಅಮ್ಮನಿಗೆ ಈಗ 48 ವರ್ಷ. ಸ್ಕೂಟರ್ ಕಲಿಯಬೇಕು ಎಂದು ಹೋದ ವರ್ಷದಿಂದಲೂ ಹೇಳುತ್ತಿದ್ದರು. ಕೊನೆಗೆ ಒಂದು ಭಾನುವಾರ ನಾನೇ ಕೂತು ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್‌ಗೆ, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕಿದೆ. ಆಧಾರ್ ಇದೆ, ಫೋಟೋ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಆದರೆ ಮೊದಲ ಸಲ ಆರ್‌ಟಿಒಗೆ ಹೋದಾಗ ಪರೀಕ್ಷೆಗೇ ಕೂರದೆ ವಾಪಸ್ ಬಂದೆವು. ಅಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಬಸ್ಸಿನಲ್ಲಿ ಏನೂ ಮಾತಾಡಲಿಲ್ಲ. ನನಗೆ ತುಂಬಾ ಬೇಜಾರಾಯಿತು, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಈಗ ಆಧಾರ್ ಮೂಲಕ ಅರ್ಜಿ ಹಾಕಿದರೆ ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬರೆಯಬಹುದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಅಮ್ಮನ ಆಧಾರ್‌ನಲ್ಲಿದ್ದದ್ದು ಯಾವಾಗಲೋ ಬಿಟ್ಟುಬಿಟ್ಟ ಹಳೇ ಸಿಮ್ಮಿನ ನಂಬರ್. ಹಾಗಾಗಿ ಆಧಾರ್ ಇಲ್ಲದವರ ದಾರಿಯಲ್ಲಿ ಅರ್ಜಿ ಹಾಕಿ, ಸ್ಲಾಟ್ ತಗೊಂಡು, ಕಚೇರಿಗೇ ಹೋಗಬೇಕಾಯಿತು. ಅರ್ಜಿ ಹಾಕುವ ಮೊದಲು ನೋಡಬೇಕಾದದ್ದು ಇದನ್ನೇ: ನಂಬರ್ ಚಾಲ್ತಿಯಲ್ಲಿದೆಯಾ?

ನಿಜವಾದ ತೊಂದರೆ ಹೆಸರಿನದ್ದು. ಅಮ್ಮನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ತಾತನ ಅಕ್ಷರ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಹೆಸರಿನ ಪಕ್ಕ ಅಪ್ಪನ ಹೆಸರು ಬಂದು ಕೂತಿದೆ. ಮದುವೆಯಾದ ಮೇಲೆ ಮಾಡಿಸಿದ್ದಲ್ವಾ, ಹಾಗೆ. ಅಷ್ಟು ಸಾಲದು ಅಂತ, ಆ ಹಳೇ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, ತಾರೀಖೂ ಇಲ್ಲ, ತಿಂಗಳೂ ಇಲ್ಲ. ಅಂಕಪಟ್ಟಿಯಲ್ಲಿ ಮಾತ್ರ ಜೂನ್ 1 ಎಂದಿದೆ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಹಾಕುತ್ತಿದ್ದ ತಾರೀಖು ಅದು. ಕೌಂಟರಿನಲ್ಲಿದ್ದವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಲ್ಲಿ ಒಂದೊಂದೇ ಅಕ್ಷರ ತೋರಿಸಿ, "ಇವರಿಬ್ಬರೂ ಒಬ್ಬರೇ ಅಂತ ನಾನು ಹೇಗೆ ಹೇಳಲಿ?" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಜನ ಎಷ್ಟು ದಾಖಲೆ ತರಬೇಕು ಎಂದು ಕೇಳುತ್ತಾರೆ. ನನ್ನ ಪ್ರಕಾರ ಎಷ್ಟು ಅನ್ನೋದಕ್ಕಿಂತ ಅವುಗಳಲ್ಲಿ ಹೆಸರು, ಹುಟ್ಟಿದ ತಾರೀಖು ಒಂದೇ ಥರ ಇದೆಯಾ ಅನ್ನೋದೇ ಮುಖ್ಯ. ವಯಸ್ಸಿಗೆ ಅಂಕಪಟ್ಟಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಯಾವುದಾದರೂ ಆಗುತ್ತದೆ. ವಿಳಾಸಕ್ಕೆ ಆಧಾರ್, ವೋಟರ್ ಐಡಿ, ಪಾಸ್‌ಪೋರ್ಟ್ ನಡೆಯುತ್ತದೆ. ಒರಿಜಿನಲ್ ಜೊತೆ ಒಂದೊಂದು ಜೆರಾಕ್ಸ್, ಅರ್ಜಿಯ ಪ್ರಿಂಟ್, ಶುಲ್ಕ ಕಟ್ಟಿದ ರಸೀದಿ, ಸ್ಲಾಟ್ ಚೀಟಿ ಇಟ್ಟುಕೊಳ್ಳಿ. ಶುಲ್ಕ ಒಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50.

ನಾವು ಮರೆತ ಇನ್ನೊಂದು ಕಾಗದ ಫಾರ್ಮ್ 1ಎ, ಅಂದರೆ ಡಾಕ್ಟರು ಕೊಡುವ ಆರೋಗ್ಯ ಪ್ರಮಾಣಪತ್ರ. 40 ದಾಟಿದವರಿಗೆ ಇದು ಬೇಕು. 40ರ ಒಳಗಿನವರಿಗೆ, ಸ್ವಂತ ಗಾಡಿ ಓಡಿಸುವುದಾದರೆ, ನಾವೇ ತುಂಬಿ ಸಹಿ ಹಾಕುವ ಫಾರ್ಮ್ 1 ಸಾಕು. 1ಎ ಡಾಕ್ಟರ ಕೈಯಲ್ಲೇ ಆಗಬೇಕು. ನಮ್ಮ ಬೀದಿಯ ಡಾಕ್ಟರು ಅಮ್ಮನನ್ನು ಕ್ಲಿನಿಕ್ ಬಾಗಿಲಲ್ಲಿ ನಿಲ್ಲಿಸಿ, ರಸ್ತೆಯಾಚೆ ನಿಂತಿದ್ದ ಆಟೋದ ನಂಬರ್ ಓದಿಸಿದರು. 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯಾ, ಕೆಂಪು ಹಸಿರು ಬೇರೆಬೇರೆ ತಿಳಿಯುತ್ತದೆಯಾ ಎಂದು ಆ ಫಾರ್ಮ್‌ನಲ್ಲೇ ಇದೆ. ಅದರ ಮೇಲೆ ಫೋಟೋ ಅಂಟಿಸಿಕೊಂಡೇ ಹೋಗಿ, ಏಕೆಂದರೆ ಡಾಕ್ಟರ ಸಹಿ ಅರ್ಧ ಫೋಟೋ ಮೇಲೆ, ಅರ್ಧ ಕಾಗದದ ಮೇಲೆ ಬರಬೇಕು. ಆಮೇಲೆ ಅಂಟಿಸಿದರೆ ಮತ್ತೆ ಡಾಕ್ಟರ ಹತ್ತಿರ ಓಡಬೇಕು.

ಮರುದಿನವೇ ಆಧಾರ್ ಕೇಂದ್ರಕ್ಕೆ ಹೋದೆವು. ಮೊಬೈಲ್ ನಂಬರ್ ಬದಲಿಸಲು ಕಾಗದ ಏನೂ ಕೇಳಲಿಲ್ಲ, ಬೆರಳಚ್ಚು ಸಾಕಾಯಿತು. ಅಂಕಪಟ್ಟಿ ತೋರಿಸಿ ಪೂರ್ತಿ ಹುಟ್ಟಿದ ತಾರೀಖನ್ನೂ ಹಾಕಿಸಿದೆವು. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಆಧಾರ್ ಸರಿಯಾಗಿ ಬಂದ ಮೇಲೆ ಎರಡನೇ ಸಲ ಅದೇ ಕೌಂಟರಿನಲ್ಲಿ ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಒಟಿಪಿ ಬರುತ್ತಿದ್ದರೂ ಮನೆಯಲ್ಲಿ ಬೇಡ, ಅಲ್ಲೇ ಬರೆಯುತ್ತೇನೆ ಎಂದು ಅಮ್ಮನೇ ಹಟ ಹಿಡಿದಿದ್ದರು. ಕನ್ನಡದಲ್ಲೇ ಬರೆದರು. ಗಾಡಿ ಓಡಿಸುವಾಗ ಯಾವ ದಾಖಲೆ ಜೊತೆಗಿರಬೇಕು ಅನ್ನೋದೂ ಈ ಪರೀಕ್ಷೆಯ ಪಾಠದಲ್ಲಿದೆ. ಅದನ್ನು ಅಮ್ಮ ಅಡುಗೆ ಮಾಡುತ್ತಾ ಬಾಯಿಪಾಠ ಮಾಡಿಕೊಂಡಿದ್ದರು: ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್. ಪಾಸ್ ಎಂದು ಪರದೆ ಮೇಲೆ ಬಂದಾಗ ಹಿಂದೆ ತಿರುಗಿ ನನ್ನನ್ನು ಹುಡುಕಿದರು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಎಲ್‌ಎಲ್‌ಆರ್ ಆರು ತಿಂಗಳು ಇರುತ್ತದೆ. 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಗೆ ಎಲ್‌ಎಲ್‌ಆರ್ ಜೊತೆ ಗಾಡಿಯ ಕಾಗದವೂ ಬೇಕು, ಹಾಗಾಗಿ ಈ ಸಲ ಮೊದಲೇ ಎಲ್ಲ ತೆಗೆದು ನೋಡಿದೆ. ಅಪ್ಪನ ಸ್ಕೂಟರಿನ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ನಿನ್ನೆ ಮಾಡಿಸಿಕೊಂಡು ಬಂದೆ, ಬರುವಾಗ ದಾರಿಯಲ್ಲಿ ಎರಡು ಎಲ್ ಬೋರ್ಡೂ ತಂದೆ.