ಆರು ಕೋಟಿ ದಿನದ ಕೂಲಿ

ಕ್ಷಮೆ ಅಂದರೆ ಏನು ಅಂತ ನನಗೆ ಮೊದಲು ಅರ್ಥ ಮಾಡಿಸಿದವರು ಚರ್ಚಿನ ಸಭಾಪಾಲಕರಲ್ಲ, ನಮ್ಮ ಶಾಲೆಯ ಲೆಕ್ಕದ ಮಾಸ್ಟ್ರು. ಬೈಬಲ್ ಪಾಠದ ಪೀರಿಯಡ್ಡನ್ನೂ ಅವರೇ ತೆಗೆದುಕೊಳ್ಳುತ್ತಿದ್ದರು. ಅಲ್ಲೂ ಅವರಿಗೆ ಬೋರ್ಡು, ಚಾಕ್‌ಪೀಸು ಬೇಕೇ ಬೇಕು.

ಅವತ್ತು ಓದಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ತಪ್ಪು ಮಾಡಿದವನನ್ನು ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿ ಸಾಕಾ ಅಂತ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಏಳೆಪ್ಪತ್ತು ಸಾರಿ ಅಂತ ಹೇಳಿ ಯೇಸು ಒಂದು ಕಥೆ ಶುರು ಮಾಡುತ್ತಾರೆ. ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಕಾಲಿಗೆ ಬಿದ್ದ. ಅರಸ ಪೂರ್ತಿ ಸಾಲ ಬಿಟ್ಟ. ಆ ಆಳು ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದ.

ಮಾಸ್ಟ್ರು ಬೋರ್ಡಿನ ಕಡೆ ತಿರುಗಿದರು. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತಿಗೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ನಾವೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದೆವು. "ಅಷ್ಟು ಸಾಲ ಯಾರು ಕೊಡ್ತಾರೆ ಸಾರ್?" ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮಾಸ್ಟ್ರಿಗೆ ಖುಷಿಯಾಯಿತು. "ತೀರಿಸಲಿಕ್ಕೆ ಆಗದ ಸಾಲ ಅಂತ ನಿಮಗೆ ಗೊತ್ತಾಯಿತಲ್ಲ, ಆದರೆ ಅವನಿಗೆ ಗೊತ್ತಾಗಲಿಲ್ಲ ನೋಡಿ" ಅಂದರು. ಅವನು ಕೇಳಿದ್ದು ವಾಯಿದೆ, ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ಕೊಡ್ತೇನೆ ಅಂತ. ಸಿಕ್ಕಿದ್ದು ಮನ್ನಾ. ಮನ್ನಾ ಆಗಿದೆ ಅಂತ ಅವನು ನಂಬಿದ್ದರೆ ಹೊರಗೆ ಬಂದು ವಸೂಲಿಗೆ ಯಾಕೆ ಹೋಗುತ್ತಿದ್ದ?

ನನಗೆ ಇದು ಇವತ್ತಿಗೂ ದೊಡ್ಡ ಮಾತು. ಭಾನುವಾರದ ಆರಾಧನೆಯಲ್ಲಿ ಪಾಪದ ಅರಿಕೆ ಆಗುತ್ತದೆ, ಕ್ಷಮೆಯ ಮಾತು ಕೇಳುತ್ತೇವೆ, ಆಮೆನ್ ಅನ್ನುತ್ತೇವೆ. ಆದರೆ ನಮ್ಮಲ್ಲಿ ತುಂಬ ಜನ ಬರೀ ವಾಯಿದೆ ಸಿಕ್ಕಿದವರ ಹಾಗೆ ಮನೆಗೆ ಹೋಗುತ್ತೇವೆ. ಇನ್ನು ಮೇಲೆ ಒಳ್ಳೆಯವರಾಗಿ ದೇವರ ಸಾಲ ತೀರಿಸಬೇಕು ಅನ್ನುವ ಚಿಂತೆ, ಆ ಚಿಂತೆಯಲ್ಲಿ ಬೇರೆಯವರ ಮೇಲೆ ಸಿಡಿಮಿಡಿ. ಕೃತಜ್ಞತೆಗೆ ಅಲ್ಲಿ ಜಾಗವೇ ಇರುವುದಿಲ್ಲ. ಮನ್ನಾ ಆಗಿದೆ ಅಂತ ನಂಬಿದವನಿಗೆ ಮಾತ್ರ ಥ್ಯಾಂಕ್ಸ್ ಹೇಳಲು ಆಗುತ್ತದೆ, ಅಲ್ವಾ?

ಇನ್ನೊಂದು ವಿಷಯವನ್ನೂ ಮಾಸ್ಟ್ರು ಮರೆಯಲಿಲ್ಲ. ನೂರು ದಿನಾರಿ ಸಣ್ಣ ದುಡ್ಡಲ್ಲ. ಕೂಲಿಯವನಿಗೆ ಅದು ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ನಮಗೆ ಆದ ಅನ್ಯಾಯ ನಿಜವಾದದ್ದೇ, ಏನೂ ಆಗಿಲ್ಲ ಅಂತ ಸುಮ್ನೆ ಹೇಳಿಕೊಳ್ಳಬೇಡಿ ಅಂದರು.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ವಾಹನದಲ್ಲೇ ಸುಟ್ಟು ಕೊಂದರು. ಸುದ್ದಿ ತಿಳಿದ ದಿನ ನಮ್ಮ ಹಾಸ್ಟೆಲಿನ ಸಂಜೆ ಪ್ರಾರ್ಥನೆಯಲ್ಲಿ ಯಾರಿಗೂ ಹಾಡಲು ಆಗಲಿಲ್ಲ. ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಆ ಕೊಲೆಗಾರರನ್ನು ಕ್ಷಮಿಸಿದ್ದೇನೆ ಅಂದ ಸುದ್ದಿ ಬಂದಾಗ ನಮಗೆ ಕೋಪವೇ ಬಂತು. ಹೇಗೆ ಕ್ಷಮಿಸಿದರು ಅಂತ ಮಾಸ್ಟ್ರನ್ನು ಕೇಳಿದೆವು. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ಕೋರ್ಟು ಅದರ ಕೆಲಸ ಮಾಡಲಿ ಮಕ್ಕಳೇ, ಈ ಅಮ್ಮ ತನ್ನ ಕೆಲಸ ಮಾಡಿದ್ದಾರೆ ಅಂದರು. ಗ್ಲಾಡಿಸ್ ಅಲ್ಲಿಂದ ಓಡಿಹೋಗಲಿಲ್ಲ. ಅವರು ಇದ್ದ ಒಡಿಶಾದ ಊರು ಬಾರಿಪದಾದಲ್ಲೇ ಉಳಿದು 2004ರವರೆಗೆ ಕುಷ್ಠರೋಗಿಗಳ ಸೇವೆ ಮಾಡಿದರು. 2005ರಲ್ಲಿ ಪದ್ಮಶ್ರೀ ಬಂತು. ತಾನು ಎಷ್ಟು ಪಡೆದಿದ್ದೇನೆ ಅಂತ ತಿಳಿದವರಿಂದ ಮಾತ್ರ ಅಂಥ ಕ್ಷಮೆ ಬರುತ್ತದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಮನೆಯಲ್ಲೂ ಒಂದು ನೂರು ದಿನಾರಿಯ ಕಥೆ ಇತ್ತು. ಅಪ್ಪ ಒಬ್ಬ ಸಂಬಂಧಿಕರ ಸಾಲಕ್ಕೆ ಜಾಮೀನು ನಿಂತರು, ಅವರು ಊರು ಬಿಟ್ಟರು, ಕಂತು ಕಟ್ಟಿದ್ದು ನಾವು. ವರ್ಷಗಳ ಮೇಲೆ ಅವರ ಮಗಳ ಮದುವೆಗೆ ಕರೆಯೋಲೆ ಬಂತು. ಹೋಗಬಾರದು ಅಂತ ನಾವು ಮಕ್ಕಳೆಲ್ಲ ಹಟ ಹಿಡಿದೆವು. "ದೇವರು ನಮಗೆ ಬಿಟ್ಟದ್ದಕ್ಕೆ ಯಾರಾದರೂ ಲೆಕ್ಕ ಇಟ್ಟಿದ್ದೇವಾ?" ಅಂದರು ಅಮ್ಮ. ಹೊರಟೇ ಹೋದರು, ಹುಡುಗಿಗೆ ಒಂದು ಒಳ್ಳೆ ಸೀರೆಯನ್ನೂ ತೆಗೆದುಕೊಂಡು. ಅಮ್ಮನಿಗೆ ತಲಾಂತು, ದಿನಾರಿ ಗೊತ್ತಿರಲಿಲ್ಲ. ಆದರೆ ಮಾಸ್ಟ್ರ ಬೋರ್ಡಿನ ಲೆಕ್ಕಕ್ಕೆ ಉತ್ತರ ಬರೆದದ್ದು ಅವರೇ ಅಂತ ನನಗೆ ಅನಿಸುತ್ತದೆ.

ಈಗ ನಾನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಇದೇ ಕಥೆ ಹೇಳುತ್ತೇನೆ, ಲೆಕ್ಕವನ್ನೂ ಅವರ ಕೈಯಲ್ಲೇ ಮಾಡಿಸುತ್ತೇನೆ. ಇದನ್ನು ಮಾಸ್ಟ್ರಿಗೆ ಹೇಳಿದಾಗ, ಈಗಿನ ಕೂಲಿ ಎಷ್ಟು ಅಂತ ಕೇಳಿ, ಪೇಪರ್ ತೆಗೆದು ಗುಣಿಸಲು ಕೂತರು. ನಮ್ಮ ಬ್ಯಾಚಿನವರು ಮಂಗಳೂರಿಗೆ ಬಂದರೆ ದಯವಿಟ್ಟು ಅವರ ಮನೆಗೆ ಹೋಗಿ ಬನ್ನಿ. ಸ್ವಲ್ಪ ಗಟ್ಟಿಯಾಗಿ ಮಾತಾಡಿ, ಈಗ ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.